ಪಕ್ಕದ ಮನೆಯ ಬೈಗುಳ

ನಮ್ಮ ಪಕ್ಕದ ಮನೆಯ ಅಜ್ಜಿ ಯಾರಿಗೂ ಸಮಾಧಾನ ಹೇಳಿದವಳಲ್ಲ. ನಮ್ಮ ಜಗಲಿಯಲ್ಲಿ ಕೂತು, ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ನಾನೇನೇ ಹೇಳಿದರೂ, "ಬುಡು ಕಣೇ, ಕಂಡಿದೀನಿ" ಅನ್ನುತ್ತಿದ್ದಳು.

ನನ್ನ ಗಂಡ ತೀರಿಕೊಂಡಾಗ ಬಂದವರೆಲ್ಲ ನನ್ನ ಜೊತೆ ಅತ್ತರು. ಇವಳೊಬ್ಬಳು ಮುದ್ದೆ ತಂದು ಮುಂದಿಟ್ಟು, "ಅಳಾಕಾದ್ರೂ ತ್ರಾಣ ಬ್ಯಾಡ್ವೇನೇ? ಉಣ್ಣು ಮೊದ್ಲು" ಎಂದು ಗದರಿದಳು. ಆಮೇಲೆ ಮುಖ ತಿರುಗಿಸಿಕೊಂಡು ಗರಿ ಸೀಳತೊಡಗಿದಳು. ಅವತ್ತು ಅವಳ ಕೈಯಲ್ಲಿ ಕಡ್ಡಿಗಳೆಲ್ಲ ಮುರಿಯುತ್ತಿದ್ದವು.

ಹೋದ ತಿಂಗಳು ಅವಳೂ ಹೋದಳು. ಮೊನ್ನೆ ಊಟಕ್ಕೆ ಕೂತವಳು, ಮೊಬೈಲಿನ ಎಐಗೆ "ಪಕ್ಕದ್ಮನೆ ಅಜ್ಜಿ ಹೋದ್ಮೇಲೆ ಅನ್ನ ಸೇರ್ತಿಲ್ಲ" ಅಂದೆ.

"ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಅಂತು.

ಅರ್ಥವಾಗುತ್ತದಂತೆ! "ನಮ್ಮಜ್ಜಿ ಥರ ಒಂದ್ಸಲ ಬೈಯಿ" ಅಂದೆ.

"ಖಂಡಿತ. ಮೆಲ್ಲಗೆ ಬೈಯಲೇ, ಜೋರಾಗಿ ಬೈಯಲೇ?" ಎಂದು ಕೇಳಿತು.

ತಟ್ಟೆ ಮುಚ್ಚಿಟ್ಟು ಎದ್ದೆ.