ನಾಲ್ಕನೇ ಕುರ್ಚಿ ತಲುಪುವ ಮೊದಲು

ವಾಚನಾಲಯದ ಓದುಗರೆಲ್ಲ ಅವಳನ್ನು ಪರದೆ ಅಕ್ಕ ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳೇ. ಮೇಜಿನ ಕೆಳಗೆ ಲಿನಕ್ಸ್ ಹಾಕಿದ ಒಂದೇ ಒಂದು ಹಳೆಯ ಪೆಟ್ಟಿಗೆ. ಅದರಿಂದ ಓದುಗರಿಗೆ ನಾಲ್ಕು ಪರದೆ, ಗೋಡೆಯಾಚೆ ಮೇಲ್ವಿಚಾರಕರ ಕೋಣೆಗೆ ಒಂದು. ಐದರಲ್ಲೂ ಕಾಣುವುದನ್ನೆಲ್ಲ ಮೂಡಿಸುವುದು ಡಿಸ್‌ಪ್ಲೇ ಸರ್ವರ್ ಎಂಬ ಒಂದೇ ಪ್ರೋಗ್ರಾಂ. ಅದನ್ನು ರೀಸ್ಟಾರ್ಟ್ ಮಾಡಿದರೆ ಐವರ ಮುಂದೆ ತೆರೆದದ್ದೆಲ್ಲ ಒಟ್ಟಿಗೆ ಮುಚ್ಚಿಹೋಗುತ್ತದೆ. ಹಾಗಾಗಿ ಅವಳು ಮೊದಲು ಒಂದೊಂದು ಕುರ್ಚಿಯ ಪಕ್ಕ ನಿಂತು "ಸೇವ್ ಮಾಡಿದ್ರಾ?" ಎಂದು ಕೇಳಿ, ಕಣ್ಣಾರೆ ನೋಡಿಯೇ ಮುಂದೆ ಹೋಗುವಳು. ಮೇಲ್ವಿಚಾರಕರಿಗೆ ಇದೊಂದು ತಮಾಷೆ. "ಏನಮ್ಮ, ಹಾಜರಿ ತಗೊಂಡಾಯ್ತಾ?" ಎನ್ನುತ್ತಿದ್ದರು.

ಅವಳು ಮಾಡಿದ ತಪ್ಪು ಒಂದೇ. ತಾನು ರಜೆ ಹಾಕಿದ ದಿನ ಯಾರೂ ಪೇಚಾಡಬಾರದೆಂದು ರೀಸ್ಟಾರ್ಟ್ ಮಾಡುವ ಕಮಾಂಡನ್ನು ಚೀಟಿಯಲ್ಲಿ ಬರೆದು ಮೇಲ್ವಿಚಾರಕರ ಮೇಜಿನ ಅಂಚಿಗೆ ಅಂಟಿಸಿದ್ದಳು. ಕೂತವರನ್ನು ಕೇಳಬೇಕು ಎಂದು ಬರೆದಿರಲಿಲ್ಲ. ಅಷ್ಟು ಬುದ್ಧಿ ಎಲ್ಲರಿಗೂ ಇರುತ್ತದೆ ಅಂದುಕೊಂಡಿದ್ದಳು.

ಆ ದಿನ ನಾಲ್ಕನೇ ಕುರ್ಚಿಯಲ್ಲಿ ಒಬ್ಬ ವೆಲ್ಡಿಂಗ್ ಕೆಲಸದವನಿದ್ದ. ಕಟ್ಟಡದ ಕೆಲಸದಲ್ಲಿ ಅವನ ಕಣ್ಣೆದುರೇ ತಮ್ಮ ತೀರಿಕೊಂಡಿದ್ದ. ಕಂಡದ್ದನ್ನು ಕಂಡ ಹಾಗೆ ಬರೆದು ಸಂಜೆ ಐದರೊಳಗೆ ವಿಚಾರಣೆ ಕಚೇರಿಗೆ ಕೊಡಬೇಕು. ಇಲ್ಲದಿದ್ದರೆ ಗುತ್ತಿಗೆದಾರ ಹೇಳಿದ್ದೇ ಸತ್ಯವಾಗುತ್ತದೆ. ಬೆಳಿಗ್ಗೆಯಿಂದ ಒಂದೇ ಬೆರಳಿನಲ್ಲಿ ನಾಲ್ಕು ಪುಟ ಕುಟ್ಟಿದ್ದ. ನಡುನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದ.

ಮೇಲ್ವಿಚಾರಕರಿಗೆ ಅಂದೇ ಹೊಸ ಪರದೆ ಬಂದಿತ್ತು. ಅಕ್ಷರಗಳೆಲ್ಲ ಅಡ್ಡಡ್ಡ ಊದಿಕೊಂಡು ಕಾಣುತ್ತಿದ್ದವು. ನಾಲ್ಕಕ್ಕೆ ವಾಚನಾಲಯದ ಸಮಿತಿಯವರು ಬರುವವರಿದ್ದರು. ಪರದೆ ಅಕ್ಕ ಸೆಟ್ಟಿಂಗ್ ಫೈಲ್ ತೆರೆದು ಹೊಸ ಪರದೆಯ ಅಗಲ, ಎತ್ತರ ಬರೆದಳು.

"ರೀಸ್ಟಾರ್ಟ್ ಆದ್ಮೇಲೇ ಸರಿಹೋಗೋದು. ಎಲ್ಲರನ್ನೂ ಕೇಳ್ಕೊಂಡು ಬರ್ತೀನಿ, ಐದು ನಿಮಿಷ ಕೊಡಿ ಸಾರ್" ಎಂದು ಹೊರಗೆ ಬಂದಳು.

ಅವಳು ಮೂರನೇ ಕುರ್ಚಿಯ ಬಳಿ ಇದ್ದಾಗ ನಾಲ್ಕೂ ಪರದೆ ಕಪ್ಪಾದವು. ಒಳಗೆ ಕೂತ ಮನುಷ್ಯ ಚೀಟಿ ನೋಡಿಕೊಂಡು ತಾನೇ ಒತ್ತಿದ್ದ. ಐದು ನಿಮಿಷ ಕಾಯಲಾರದವನಿಗೆ ಇನ್ನು ಬಹುವಚನ ಕೊಡಲು ಮನಸ್ಸು ಬರುತ್ತಿಲ್ಲ.

ಅವಳು ಪೆಟ್ಟಿಗೆಯ ಮೂಲೆ ಮೂಲೆ ತಡಕಿದಳು. ನಾಲ್ಕು ಪುಟದಲ್ಲಿ ಸಿಕ್ಕಿದ್ದು ಮೊದಲ ಎರಡು ಸಾಲು. ಆಗ ಗಂಟೆ ಮೂರೂಕಾಲು. ವೆಲ್ಡಿಂಗ್‌ನವನು ಕೂಗಾಡಲಿಲ್ಲ. "ಇನ್ನೊಂದ್ಸಲ ಬರೆಯೋಕೆ ನನ್ನ ಕೈಲಾಗಲ್ಲಕ್ಕ" ಎಂದನಷ್ಟೆ.

ಅವಳ ಮೈಯೆಲ್ಲ ಉರಿದುಹೋಯಿತು. ಕೋಣೆಗೆ ಹೋದರೆ ಮೇಲ್ವಿಚಾರಕ ನೆಟ್ಟಗಾದ ಅಕ್ಷರ ನೋಡಿಕೊಂಡು ಹಿಗ್ಗುತ್ತಿದ್ದ. ವಿಷಯ ಕೇಳಿ ಕೈ ಬೀಸಿದ. "ಮಿಷಿನ್ ತಾನಾಗೇ ಆಫ್ ಆಯ್ತು ಅಂತ ಹೇಳಿಬಿಡಮ್ಮ."

"ತಾನಾಗಿ ಆಗಿಲ್ಲ ಸಾರ್. ಎಲ್ಲಿಂದ, ಎಷ್ಟು ಗಂಟೆಗೆ ಒತ್ತಿದ್ದು ಅಂತ ಅದರಲ್ಲೇ ದಾಖಲಾಗಿದೆ. ಸಮಿತಿಯವರಿಗೆ ತೋರಿಸ್ಲಾ, ಇಲ್ಲ ನೀವು ಬಂದು ಟೈಪ್ ಮಾಡ್ತೀರಾ? ಮೊದ್ಲು ಟೈಪಿಸ್ಟ್ ಆಗಿದ್ದೋರಲ್ವಾ ನೀವು? ಅವರು ಹೇಳ್ತಾರೆ, ನೀವು ಬರೀರಿ."

"ನಾನಾ?"

"ನೀವೇ."

ಬಂದು ಕೂತ. ಸುಳ್ಳೇಕೆ ಹೇಳಲಿ, ಕೈ ಚುರುಕಾಗಿಯೇ ಓಡುತ್ತಿತ್ತು. ವೆಲ್ಡಿಂಗ್‌ನವನು ಗೋಡೆ ನೋಡುತ್ತ, ತಡೆತಡೆದು ಹೇಳಿದ. ನಾಲ್ಕಕ್ಕೆ ಸಮಿತಿಯವರು ಬಂದಾಗ ಅಕ್ಕ ಬಾಗಿಲ ಬಳಿಯೇ ಅವರಿಗೆ ಕುರ್ಚಿ ಹಾಕಿ, "ಸಾರ್ ಓದುಗರ ಕೆಲಸದಲ್ಲಿದ್ದಾರೆ, ಸ್ವಲ್ಪ ಕೂತ್ಕೊಳ್ಳಿ" ಎಂದಳು.

ಮೂರನೇ ಪುಟದ ಕೊನೆಗೆ ಮೇಲ್ವಿಚಾರಕ, "ನನ್ನ ತಮ್ಮ ಮೇಲಿನಿಂದ ಕಾಲು ಜಾರಿ ಬಿದ್ದನು" ಎಂದು ಟೈಪ್ ಮಾಡಿದ.

"ಜಾರಿಲ್ಲ ಸಾರ್" ಎಂದ ವೆಲ್ಡಿಂಗ್‌ನವನು. "ದೊಡ್ಡೋರು ನೋಡೋಕೆ ಬರ್ತಾರೆ, ಬೇಗ ಬಿಚ್ಚಿ ಅಂತ ಗುತ್ತಿಗೆದಾರ ಅವಸರ ಮಾಡಿದ. ಮೇಲೆ ಯಾರಾದ್ರೂ ಇದ್ದಾರಾ ಅಂತ ಕೇಳದೇ, ನಿಂತು ಕೆಲಸ ಮಾಡೋಕೆ ಕಟ್ಟಿದ್ದ ಅಟ್ಟಣಿಗೆ ಬಿಚ್ಚಿಸಿದ."

ಬೆರಳುಗಳು ನಿಂತವು. ಮೇಲ್ವಿಚಾರಕ ತಲೆಯೆತ್ತಿ ಅಕ್ಕನ ಮುಖ ನೋಡಿದ. ಅವಳಿಗೆ ಚೂರೂ ಕನಿಕರ ಬರಲಿಲ್ಲ.

"ಬರೀರಿ ಸಾರ್" ಎಂದಳು. "ಕೇಳದೇ ಅನ್ನೋದನ್ನ ಬಿಡಬೇಡಿ."