ತುಟಿಗಿಂತ ಮುಂದೆ ಓಡುವ ಮಾತು

ಟಿವಿ ಅಕ್ಕ ಆ ಮನೆಗೆ ಹೋದದ್ದು ಅದು ನಾಲ್ಕನೇ ಸಲ. ಟಿವಿ, ಸ್ಪೀಕರ್ ರಿಪೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು; ಮಂಡಿಗಳೂ ಅಷ್ಟೇ ಸವೆದಿದ್ದವು. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ ಬಾಗಿಲ ಮುಂದೆ ಸುಧಾರಿಸಿಕೊಳ್ಳುತ್ತಿದ್ದಾಗ ಒಳಗಿನಿಂದ ಆ ಮನೆಯ ಮಗನ ಜೋರು ದನಿ ಕೇಳಿಸಿತು: "ಅಮ್ಮ, ಏನೂ ಕೆಟ್ಟಿಲ್ಲ. ಅವರನ್ನ ಸುಮ್ನೆ ಓಡಾಡಿಸ್ತಿದ್ದೀಯ."

ದೂರು ಹಳೆಯದೇ. ಹೋಮ್ ಥಿಯೇಟರಿನಲ್ಲಿ ಮಾತು ಮೊದಲು ಬರುತ್ತದೆ, ತುಟಿ ಆಮೇಲೆ ಆಡುತ್ತದೆ. ಮೂರು ಸಲವೂ ಅವಳು ವೈರು ಬದಲಿಸಿ, ಆಂಪ್ಲಿಫೈಯರಿನಲ್ಲಿ ಶಬ್ದವನ್ನು ಚೂರು ತಡಮಾಡಿ, ಸಿನಿಮಾ ಹಾಕಿ ತೋರಿಸಿದ್ದಳು. ಎಲ್ಲ ಸರಿಯಿತ್ತು. ವಾರ ಕಳೆದರೆ ಮತ್ತೆ ಫೋನು.

"ನಮಗ್ಯಾರಿಗೂ ಕಾಣದ್ದು ಅಮ್ಮನಿಗೊಬ್ಬರಿಗೇ ಕಾಣುತ್ತೆ ಅಕ್ಕ," ಎಂದ ಮಗ, ನಾಚಿಕೆಯಿಂದ.

ಅವಳಿಗೂ ಹಾಗೇ ಅನ್ನಿಸಿತ್ತು. ಈ ಸಲವೂ ಸಿನಿಮಾ ಸರಿಯಾಗೇ ಓಡಿತು. ಹೊರಡಲೆಂದು ಚೀಲದ ಜಿಪ್ಪು ಎಳೆಯುವಾಗ, ಸೋಫಾದ ತುದಿಯಲ್ಲಿದ್ದ ಅವನ ಅಮ್ಮ, ಆ ಅಜ್ಜಿ, ಅಕ್ಕನ ಬಾಯನ್ನೇ ದಿಟ್ಟಿಸುತ್ತಿರುವುದು ಅವಳ ಕಣ್ಣಿಗೆ ಬಿತ್ತು.

"ಕಿವಿ ಹೇಗಿದೆ ಅಜ್ಜಿ?" ಎಂದು ಬಿಡಿಸಿ ಕೇಳಿದಳು.

"ಅರ್ಧ ಕಿವೀಲಿ ಕೇಳ್ತೀನಿ, ಇನ್ನರ್ಧ ತುಟಿ ನೋಡಿ ತಿಳ್ಕೊಳ್ತೀನಿ ಮಗಳೇ. ಎರಡೂ ಜಗಳಕ್ಕೆ ಬಿದ್ರೆ ನನಗೆ ಏನೂ ಸಿಗಲ್ಲ."

"ಏನು ನೋಡ್ತೀರಿ?"

"ಬೆಳಿಗ್ಗೆ ವಾರ್ತೆ. ಸಿನಿಮಾ ಎಲ್ಲ ಇವರದ್ದು."

ಅಕ್ಕ ಹಣೆ ಒತ್ತಿಕೊಂಡಳು. ಸಿನಿಮಾ ಬರುವುದು ಡಿಸ್ಕ್ ಪ್ಲೇಯರಿನಿಂದ, ವಾರ್ತೆ ಬರುವುದು ಕೇಬಲ್ ಬಾಕ್ಸಿನಿಂದ. ಆಂಪ್ಲಿಫೈಯರಿನಲ್ಲಿ ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗು. ಮೂರು ಸಲವೂ ಅವಳು ಸರಿಮಾಡಿದ್ದು ಸಿನಿಮಾದ್ದನ್ನು ಮಾತ್ರ.

"ತಪ್ಪು ನನ್ನದೇ. ಎತ್ತಿಗೆ ಜ್ವರ ಅಂದ್ರೆ ಎಮ್ಮೆಗೆ ಬರೆ ಎಳೆದು ಹೋಗಿದ್ದೀನಿ," ಅಂದಳು.

ವಾರ್ತೆ ಹಾಕಿ ಅಜ್ಜಿಯ ಪಕ್ಕ ಕುಳಿತಳು. ಟಿವಿಗೆ ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಹಿಡಿಯುವ ಹೊತ್ತಿನಷ್ಟು ಕಾಲ ಮಾತನ್ನೂ ತಡೆದು ನಿಲ್ಲಿಸಬೇಕು. ಆ ತಡವನ್ನು ಚೂರುಚೂರೇ ಏರಿಸುತ್ತ ಹೋದಳು; ಅವಳ ಕಣ್ಣಿಗೆ ಎಂಬತ್ತು ಮಿಲಿಸೆಕೆಂಡಿಗೇ ಸರಿಹೋದಂತಿತ್ತು.

"ಇನ್ನೂ," ಎಂದರು ಅಜ್ಜಿ.

ನೂರು.

"ಇನ್ನೊಂಚೂರು."

ನೂರ ಮೂವತ್ತಕ್ಕೆ ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ವಾರ್ತೆ ಮುಗಿಯುವತನಕ ಯಾರ ಕಡೆಗೂ ತಿರುಗಲಿಲ್ಲ.

ಮಗ ಎದುರಿಗೆ ಬಂದು ನಿಂತ. "ವಾರ್ತೆ ಅಂತ ಮೊದಲೇ ಹೇಳಬಾರದಿತ್ತಾ ಅಮ್ಮ?"

"ನೀನು ಕೇಳಿದ್ಯಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಕೇಳದವರಲ್ಲಿ ತಾನೂ ಒಬ್ಬಳು ಎಂದುಕೊಳ್ಳುತ್ತ ಅಕ್ಕ ಚೀಲ ಹೆಗಲಿಗೇರಿಸಿದಳು.

ಇಳಿಯುವಾಗ ಮಂಡಿ ಇನ್ನೂ ನೋಯುತ್ತಿತ್ತು. ಎರಡನೇ ಮಹಡಿಯ ಮೆಟ್ಟಿಲಲ್ಲೇ ಕುಳಿತು ಮುಂದಿನ ಮನೆಗೆ ಫೋನು ಹಚ್ಚಿದಳು. "ಒಂದು ಗಂಟೇಲಿ ಬರ್ತೀನಿ. ದಿನಾ ಟಿವಿ ನೋಡೋರು ಯಾರೋ, ಅವರು ಮನೇಲಿರಲಿ."