ಸೂಜಿ ಮತ್ತು ಹತ್ತುಮೀನು

ವೇದಾವತಿಗೆ ತಲೆಬುಡ ಅರ್ಥವಾಗಲಿಲ್ಲ. ಬ್ಯಾಕೋಡಿನ ಆಚೆ, ಹಿನ್ನೀರಿನ ದಂಡೆಯ ಹಸಲರ ಕೇರಿಯಲ್ಲಿ ಹುಟ್ಟಿ, ಅದೇ ಕೇರಿಗೆ ಆಶಾ ಕಾರ್ಯಕರ್ತೆಯಾದವಳು ಅವಳು. ಸಾಗರದ ವೈದ್ಯರ ಗುಂಪೊಂದು ಶಾಲೆಯ ಜಗುಲಿಯಲ್ಲಿ ಫ್ಲೂ ಜ್ವರದ ಲಸಿಕೆಯನ್ನು ಪುಕ್ಕಟೆ ಹಾಕುತ್ತದೆ ಎಂದು ಅವಳು ಮನೆಮನೆಗೆ ಹೇಳಿದಾಗ ಎಲ್ಲರೂ ತಲೆಯಾಡಿಸಿದ್ದರು. ಆ ದಿನ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ಕಾದು ಕಾದು ಸುಸ್ತಾದ ನರ್ಸ್ ಸುಪ್ರಿಯಾ, ಮುಂದಿನ ವಾರ ಇನ್ನೊಂದೇ ಸಲ ಬರುವುದು ಎಂದಳು.

ವೇದಾವತಿ ಕೇರಿಗೆ ಓಡಿದಳು. ವೆಂಕಮ್ಮನಿಗೆ ತಲೆನೋವಂತೆ. ವಾಸಪ್ಪನಿಗೆ ಮರೆತುಹೋಯಿತಂತೆ. ಅವನು ಮರೆಯುವ ಆಸಾಮಿಯೇ? ವೇದಾವತಿ ಯಾವ ಕಾಲದಲ್ಲೋ ಒಯ್ದ ಕತ್ತಿಯನ್ನು ಇವತ್ತಿಗೂ ಕೇಳುತ್ತಾನೆ.

ಅವಳ ಜೀವ ಹೊಡೆದುಕೊಳ್ಳುತ್ತಿದ್ದುದು ಬಂಗಾರಜ್ಜಿಗಾಗಿ. ವೇದಾವತಿ ಹುಟ್ಟುವಾಗ ಹೆರಿಗೆ ಮಾಡಿಸಿದವಳೂ ಅವಳೇ, ತಾಯಿ ತೀರಿಕೊಂಡ ಮೇಲೆ ಸಾಕಿದವಳೂ ಅವಳೇ. ಮೊದಲೇ ಉಬ್ಬಸದ ಮುದುಕಿ. ಹೋದ ಮಳೆಗಾಲದ ಜ್ವರಕ್ಕೆ ಸಾಗರದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದಳು. ಇನ್ನೊಂದು ಅಂಥ ಜ್ವರ ಬಂದರೆ ಕಷ್ಟ ಎಂದಿದ್ದರು ಡಾಕ್ಟರು.

ಅಜ್ಜಿ ಒಲೆಯ ಮುಂದೆ ಮೀನುಸಾರು ಕುದಿಸುತ್ತಿದ್ದಳು.

"ನೀನೂ ಬರ್ಲಿಲ್ವಲ್ಲ ಅಜ್ಜಿ?"

"ಹತ್ತುಮೀನು ಏರೋ ಹೊತ್ತು ಮಾರಾಯ್ತಿ. ಹೊಸ ಮಳೆನೀರಿಗೆ ಹಳ್ಳ ಹತ್ತಿ ಬರೋ ಮೀನು, ವರ್ಷಕ್ಕೊಂದೇ ಸಲ ಸಿಗೋದು. ಸೂಜಿ ಚುಚ್ಚಿಸ್ಕಂಡು ಮೀನು ತಿಂದ್ರೆ ನಂಜಾಗ್ತದೆ. ಈ ಮೀನು ಯಾರು ಬಿಡ್ತಾರೆ?"

"ಯಾರೂ ನಂಗೆ ಹೇಳ್ಲೇ ಇಲ್ಲ."

"ನೀನೂ ಈ ಕೇರಿಯವ್ಳೇ ಅಲ್ವ? ಗೊತ್ತಿರ್ತದೆ ಅಂದ್ಕಂಡ್ವಿ."

ಗೊತ್ತಿತ್ತು, ಆಗ ಹೊಳೆದಿರಲಿಲ್ಲ ಅಷ್ಟೆ. ಅದೇ ಫಜೀತಿ. ತರಬೇತಿಯಲ್ಲಿ, ಲಸಿಕೆ ಹಾಕಿಸಿಕೊಂಡ ಮೇಲೆ ಏನು ಬೇಕಾದರೂ ತಿನ್ನಬಹುದು ಎಂದಿದ್ದರು. ಆದರೆ ಮುಳ್ಳು ಚುಚ್ಚಿದ ಅಪ್ಪನ ಕಾಲು ಒಣಮೀನು ತಿಂದ ಮರುದಿನ ಬಾತು ಕುಂಬಳಕಾಯಿಯಾಗಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಯಾವುದನ್ನು ನಂಬುವುದು?

ಬಸ್ಸಿಗೆ ಕಾಯುತ್ತಿದ್ದ ಸುಪ್ರಿಯಾಳನ್ನು ತಡೆದು ಲಸಿಕೆ ಹಾಕಿಸಿಕೊಂಡು ಬಂದಳು. ತಟ್ಟೆ ಎಳೆದು ಕೂತಳು.

"ಬಡಿಸು ಅಜ್ಜಿ."

ಅಜ್ಜಿಯ ಕೈಯ ಸೌಟು ಅಲ್ಲೇ ನಿಂತಿತು. ವೇದಾವತಿಯೇ ಬಡಿಸಿಕೊಂಡು ಉಂಡಳು.

ಬೆಳಿಗ್ಗೆ ತೋಳು ನೋಯುತ್ತಿತ್ತು. ಒಂದೆರಡು ದಿನ ನೋವು ಸಹಜ ಎಂದು ಸುಪ್ರಿಯಾ ಹೇಳಿದ್ದಳು ನಿಜ. ಇದು ಸೂಜಿಯ ನೋವೋ, ಮೀನಿನ ನಂಜೋ? ತೋರಿಸಿದರೆ ಕೇರಿಗೆ ಕೇರಿಯೇ ಹಿಂದೆ ಸರಿಯುತ್ತದೆ. ಮುಚ್ಚಿಟ್ಟರೆ ಅಜ್ಜಿಗೆ ಮೋಸ. ಸೆರಗನ್ನು ತೋಳ ಮೇಲೆ ಎಳೆದುಕೊಂಡೇ ಹೊರಟವಳು ಅಜ್ಜಿಯ ಅಂಗಳದಲ್ಲಿ ಅದನ್ನು ಸರಿಸಿದಳು. ವೆಂಕಮ್ಮ, ವಾಸಪ್ಪ ಎಲ್ಲ ಸುತ್ತ ನಿಂತರು.

"ನೋಯ್ತಾ ಇದೆ ಅಜ್ಜಿ. ಸೂಜಿಗೆ ಇಷ್ಟು ನೋವಾಗ್ತದೆ ಅಂತ ನರ್ಸಮ್ಮ ಹೇಳಿದ್ರು. ಆದ್ರೂ ನಂಗೆ ಹೆದ್ರಿಕೆ ಆಗ್ತಿದೆ."

ಅಜ್ಜಿ ಒತ್ತಿ ನೋಡಿದಳು. ದಿನಾ ಕರೆದು ನೋಡಿದಳು. ಬಾವು ಬರಲಿಲ್ಲ, ನೋವೂ ಹೋಯಿತು.

ಮುಂದಿನ ವಾರ ಶಾಲೆಯ ಜಗುಲಿಯಲ್ಲಿ ಎಲ್ಲರಿಗಿಂತ ಮುಂದೆ ಬಂಗಾರಜ್ಜಿ ಕೂತಿದ್ದಳು, ಹಿಂದೆ ಕೇರಿ. ವೇದಾವತಿಗೆ ಗೆದ್ದೆನೆಂಬ ಖುಷಿ. ಸಂಜೆ ಅಜ್ಜಿಯ ಮನೆಗೆ ಹೋದರೆ ಒಲೆಯ ಪಕ್ಕ ಬೆಳಿಗ್ಗೆ ಮಾಡಿದ ಮೀನುಸಾರಿನ ಪಾತ್ರೆ ಮುಚ್ಚಿದ ಹಾಗೇ ಇತ್ತು. ಅಜ್ಜಿ ಗಂಜಿ ಕುಡಿಯುತ್ತಿದ್ದಳು.

"ಮೀನು ತಿನ್ಲಿಲ್ವ ಅಜ್ಜಿ? ನನ್ನ ಕೈ ನೋಡಿದ್ಯಲ್ಲ."

"ನೋಡ್ದೆ. ನಿನ್ನ ಮಾತಿಗೆ ಸೂಜಿ ಚುಚ್ಚಿಸ್ಕಂಡೆ, ನನ್ನ ಮಾತಿಗೆ ಮೀನು ಬಿಟ್ಟೆ. ಕೂರು, ನೀನು ಉಣ್ಣು."